ಲಾನ್ ಯಜಮಾನ್ರು

ದಾವಣಗೆರೆಯಿಂದ ಹರಿಹರದ ಕಡೆಗೆ ಹಳೇ ಪಿ.ಬಿ. ರಸ್ತೆ ಹಿಡಿದು ಹೊರಟರೆ, ಬಾತಿ ಹತ್ತಿರ ಭದ್ರಾ ನಾಲೆಯ ನೀರುಂಡ ಗದ್ದೆಗಳಲ್ಲಿ ಈಗ ಭತ್ತದ ಜೊತೆ ಸೈಟಿನ ಕಲ್ಲುಗಳೂ ಎದ್ದಿರುವುದು ಕಾಣುತ್ತದೆ. ಹೀಗೆ ಎದ್ದ ಪ್ರತಿ ಲೇಔಟಿಗೂ ಒಂದು ನೀರಿನ ಟ್ಯಾಂಕು, ಒಂದು ಗಣಪತಿ ಗುಡಿ, ಒಬ್ಬರು ಲಾನ್ ಯಜಮಾನ್ರು ಇರಲೇಬೇಕು. ಮೊದಲೆರಡು ತಡವಾಗಬಹುದು. ಯಜಮಾನ್ರ ಹುಲ್ಲು ಮಾತ್ರ ಗೃಹಪ್ರವೇಶದ ಹೊತ್ತಿಗೇ ಬೇರು ಬಿಟ್ಟಿರುತ್ತದೆ.

ಇವರು ಸಾಮಾನ್ಯವಾಗಿ ನಿವೃತ್ತರು. ಬ್ಯಾಂಕಿನವರು, ಪಿಡಬ್ಲ್ಯೂಡಿಯವರು, ಹರಿಹರದ ಕಿರ್ಲೋಸ್ಕರಿನಲ್ಲಿ ಲೇತ್ ಕಟ್ಟಿದವರು. ನಾನು ಹೇಳಹೊರಟಿರುವ ಯಜಮಾನ್ರು ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಮೆಂಟೇನೆನ್ಸ್ ನೋಡಿಕೊಂಡಿದ್ದವರು. ಮಿಲ್ಲು ಮುಚ್ಚಿತು, ಮೆಂಟೇನೆನ್ಸ್ ಮುಚ್ಚಲಿಲ್ಲ. ಅದೀಗ ಗೇಟಿನಿಂದ ಪಡಸಾಲೆಯವರೆಗಿನ ಹುಲ್ಲಿನ ಮೇಲೆ ನಡೆಯುತ್ತಿದೆ.

ಹುಲ್ಲು ಯಾವುದೆಂದರೆ, ಗರಿಕೆ. ನರ್ಸರಿಯವರು ಬರ್ಮುಡಾ ಎಂದು ಚದರಡಿ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು ಹಾಸಿಹೋದರು. ಪಕ್ಕದ ಗದ್ದೆಯ ರೈತ ಕಾಂಪೌಂಡಿಗೆ ಗದ್ದ ಆನಿಸಿ ಬಹಳ ಹೊತ್ತು ನೋಡಿದ. “ಯಜಮಾನ್ರೆ, ನಮ್ಮಪ್ಪ ಸಾಯೋತನಕ ಇದನ್ನ ಕಿತ್ತು ಕಿತ್ತು ಬದುವಿಗೆ ಹಾಕಿದ. ಹೇಳಿದ್ರೆ ನಾನೇ ಒಂದ್ ಟ್ರ್ಯಾಕ್ಟರ್ ತಂದು ಸುರೀತಿದ್ನಲ್ರಿ!” ಯಜಮಾನ್ರು ಅವನಿಗೆ ಉತ್ತರ ಕೊಡಲಿಲ್ಲ. ಅವತ್ತಿನಿಂದ ಅವನ ಎಮ್ಮೆ ಆ ಕಡೆ ಮುಖ ಮಾಡಿದರೂ ಕೆಮ್ಮುತ್ತಾರೆ.

ಯಜಮಾನ್ರ ಜೇಬಿನಲ್ಲಿ ಆರಿಂಚಿನ ಉಕ್ಕಿನ ಸ್ಕೇಲೊಂದು ಇರುತ್ತದೆ. ಬೆಳಿಗ್ಗೆ ಹುಲ್ಲಿನ ಮೂರು ಕಡೆ ಕುಕ್ಕರಗಾಲಲ್ಲಿ ಕೂತು ಅಳೆಯುತ್ತಾರೆ. ಅವರ ಹುಲ್ಲು ಒಂದೂವರೆ ಇಂಚು ಇರಬೇಕು. ಎರಡೂಕಾಲು ಇಂಚು ಮುಟ್ಟಿದ ದಿನ ಮಿಷನ್ನು ಹೊರಬರುತ್ತದೆ. ಮೂರನೇ ಒಂದು ಪಾಲು ಮಾತ್ರ ತೆಗೆಯುವುದು, ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ. ಯಾಕೆಂದು ಯಾರೂ ಕೇಳದಿದ್ದರೂ ಹೇಳುತ್ತಾರೆ: “ಎಲಿ ಅಂದ್ರೆ ಹುಲ್ಲಿನ ಅಡಿಗಿಮನಿ ಕಣಪ. ಅದನ್ನ ಬೋಳಿಸಿದ್ರೆ ಬೇರು ಉಪವಾಸ ಬೀಳ್ತಾವು. ಮ್ಯಾಲೆ ಎಷ್ಟೈತೋ ಅದನ್ನ ನೋಡ್ಕೊಂಡು ಕೆಳಗೆ ಇಳೀತಾವು ಬೇರು.”

ಈ ಮನುಷ್ಯನ ಬಗ್ಗೆ ನಮ್ಮೆಲ್ಲರಿಗೂ ಇರುವ ತಕರಾರು ಇಷ್ಟೇ: ಅವರು ಹೇಳುವುದೆಲ್ಲ ಸರಿ ಇರುತ್ತದೆ.

ಹಿಂದಿನ ಕ್ರಾಸಿನಲ್ಲಿ ಇನ್ನೊಬ್ಬರು ಲಾನ್ ಮಾಡಿದ್ದರು. ಮಳೆಗಾಲದಲ್ಲಿ ಮಗಳ ಮನೆಗೆ ಹೋಗಿ ಬರುವಷ್ಟರಲ್ಲಿ ಹುಲ್ಲು ಮೊಳಕಾಲಿಗೆ ಬಂದಿತ್ತು. ಹೆಗಲಿಗೆ ನೇತುಹಾಕುವ ಪೆಟ್ರೋಲ್ ಕಟರಿನ ಹುಡುಗನನ್ನು ಕರೆಸಿ ಒಂದೇ ಮಧ್ಯಾಹ್ನ ನೆಲಮಟ್ಟ ಮಾಡಿಸಿದರು. ಉಳಿದದ್ದು ಬರೀ ಕಂದು ಕಡ್ಡಿ. ಬಿಸಿಲು ನೇರ ಮಣ್ಣಿಗೆ ಬಿತ್ತು, ಮಣ್ಣಿನಲ್ಲಿ ಕಾದು ಕೂತಿದ್ದ ಜೇಕು, ಪಾರ್ಥೇನಿಯಂ ಎಲ್ಲ ಎದ್ದು ನಿಂತವು. ಯಜಮಾನ್ರು ಸುದ್ದಿ ತಿಳಿದು ಬಿಳಿ ಪಂಚೆ ಉಟ್ಟು ಹೋದರು. ಚಹಾ ಬೇಡವೆಂದರು. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, “ಒಂದು ಪಾಲು ತೆಗದು, ನಾಕು ದಿನ ಬಿಟ್ಟು ಇನ್ನೊಂದು ಪಾಲು ತೆಗದಿದ್ರೆ ಉಳೀತಿತ್ರಿ,” ಎಂದು ಎದ್ದುಬಂದರು.

ಮಿಷನ್ನು ಕೈಯಲ್ಲಿ ತಳ್ಳುವಂಥದ್ದು, ಉರುಳೆಗೆ ಬ್ಲೇಡು ಸುತ್ತಿದ್ದು. ಕೆಳಗೊಂದು ಸ್ಥಿರವಾದ ಪಟ್ಟಿ. ತಿರುಗುವ ಬ್ಲೇಡು ಅದರ ಮೇಲೆ ಹಾಯುವಾಗ ಹುಲ್ಲು ಕತ್ತರಿಗೆ ಸಿಕ್ಕಂತೆ ತುಂಡಾಗುತ್ತದೆ. ಬ್ಲೇಡು ಮೊಂಡಾದರೆ ಹುಲ್ಲು ಹರಿಯುತ್ತದೆ, ತುದಿ ಬೆಳ್ಳಗಾಗಿ ಒಣಗುತ್ತದೆ. ಆದ್ದರಿಂದ ಶುರು ಮಾಡುವ ಮುಂಚೆ ಪರೀಕ್ಷೆ. ಅವತ್ತಿನ ‘ಜನತಾವಾಣಿ’ಯ ಒಂದು ಹಾಳೆಯನ್ನು ಬ್ಲೇಡಿಗೆ ಕೊಟ್ಟು ಉರುಳೆ ತಿರುಗಿಸುತ್ತಾರೆ. ಕಾಗದ ಸೊಯ್ಯನೆ ಕತ್ತರಿಸಿದರೆ ಪಾಸು. ಒಳಗಿನಿಂದ ಅಮ್ಮಾರು, “ಪೇಪರ್ ನಾನಿನ್ನೂ ಓದಿಲ್ರಿ,” ಎನ್ನುವುದಕ್ಕೂ ಬ್ಲೇಡು ಪಾಸಾಗುವುದಕ್ಕೂ ಸರಿಹೋಗುತ್ತದೆ. ಆ ಮನೆಯಲ್ಲಿ ಸಿನಿಮಾ ಪುಟ ಇಡಿಯಾಗಿ ಉಳಿದದ್ದನ್ನು ನಾನು ಕಂಡಿಲ್ಲ.

ಈ ಮಿಷನ್ನಿನ ಚರಿತ್ರೆ ಅವರಿಗೆ ಬಾಯಿಪಾಠ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಕಡೆಯ ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ಕು ಇದರ ಪೇಟೆಂಟ್ ಪಡೆದ. ಅಲ್ಲಿನ ಉಣ್ಣೆ ಮಿಲ್ಲುಗಳಲ್ಲಿ ಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸಮ ಮಾಡುವ ಯಂತ್ರ ನೋಡಿ ಅವನಿಗೆ ಇದು ಹೊಳೆಯಿತು. ಅಲ್ಲಿಯವರೆಗೆ ಕುಡುಗೋಲೇ ಗತಿ. “ಅಂದ್ರೆ ಏನಾತು? ಲಾನ್ ಹುಟ್ಟಿದ್ದು ಮಿಲ್ಲಿನಾಗ!” ಎಂದು ಯಜಮಾನ್ರು ಮಿಷನ್ನಿನ ಹಿಡಿ ಸವರುತ್ತಾರೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದುದು ಆ ಕ್ಷಣಕ್ಕೆ ವ್ಯರ್ಥವಾಗಲಿಲ್ಲ ಅನ್ನಿಸುತ್ತದೆ. ಬಡ್ಡಿಂಗ್ ಮಾತ್ರ ಅಕ್ಕಪಕ್ಕದವರು ಹುಚ್ಚನೆಂದಾರೆಂದು ರಾತ್ರಿ ಹೊತ್ತು ಮಿಷನ್ನು ಓಡಿಸಿ ನೋಡುತ್ತಿದ್ದನಂತೆ, ಹಾಗೊಂದು ಕಥೆಯಿದೆ. ನಮ್ಮ ಯಜಮಾನ್ರಿಗೆ ಆ ಸಂಕೋಚವಿಲ್ಲ. ಇಬ್ಬನಿ ಆರಲಿ ಎಂದು ಕಾದು, ರಸ್ತೆಯಲ್ಲಿ ಜನ ಓಡಾಡುವ ಹೊತ್ತಿಗೆ ಸರಿಯಾಗಿ ತಳ್ಳುತ್ತಾರೆ.

ಒದ್ದೆ ಹುಲ್ಲಿಗೆ ಮಿಷನ್ನು ಹಾಕುವುದು ಅವರ ಪ್ರಕಾರ ಮಹಾಪಾಪ. ಕತ್ತರಿಸಿದ್ದು ಮುದ್ದೆಗಟ್ಟಿ ಕೆಳಗಿನ ಹುಲ್ಲನ್ನು ಮುಚ್ಚಿ ಕೊಳೆಸುತ್ತದೆ. ಒಣಗಿದ್ದಾಗ ಕತ್ತರಿಸಿದರೆ ಸಣ್ಣ ತುಣುಕುಗಳು ಅಲ್ಲೇ ಉದುರಿ ಗೊಬ್ಬರವಾಗುತ್ತವೆ. ಒಮ್ಮೆ ಪೂರ್ವ-ಪಶ್ಚಿಮ ತಳ್ಳಿದರೆ ಮುಂದಿನ ಸಲ ಉತ್ತರ-ದಕ್ಷಿಣ, ಇಲ್ಲವಾದರೆ ಹುಲ್ಲು ಒಂದೇ ಕಡೆ ವಾಲುತ್ತದೆ, ಚಕ್ರದ ಜಾಡು ಬೀಳುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಹುಲ್ಲನ್ನು ಇನ್ನಷ್ಟು ಉದ್ದ ಬಿಟ್ಟು ಬುಡಕ್ಕೆ ನೆರಳು ಕೊಡುತ್ತಾರೆ. ನೀರನ್ನು ದಿನಾ ಚಿಮುಕಿಸದೆ, ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಂತೆ ಹರಿಸುತ್ತಾರೆ.

ಇಷ್ಟೆಲ್ಲ ಮಾಡಿ ಬೆಳೆಸಿದ ಹುಲ್ಲಿನ ಮೇಲೆ ಯಾರೂ ಕೂರುವ ಹಾಗಿಲ್ಲ. ಮಂಡಕ್ಕಿ, ಮಿರ್ಚಿ ಏನಿದ್ದರೂ ಪಡಸಾಲೆಯಲ್ಲಿ. ಮಂಡಕ್ಕಿ ಉದುರಿದರೆ ಇರುವೆ, ಇರುವೆ ಬಂದರೆ ಗೂಡು, ಗೂಡಾದರೆ ಗುಪ್ಪೆ ಮಣ್ಣು. ಬೆಂಗಳೂರಿಂದ ಬಂದ ಮೊಮ್ಮಗ ಬ್ಯಾಟು ಹಿಡಿದು ಇಳಿದ. ಗರಿಕೆ ತುಳಿತಕ್ಕೆ ಜಗ್ಗುವುದಿಲ್ಲ, ಕ್ರಿಕೆಟ್ ಮೈದಾನಗಳಿಗೂ ಇದನ್ನೇ ಹಾಕುತ್ತಾರೆಂದು ಅವನು ಎಲ್ಲೋ ಓದಿದ್ದ. “ಅದು ಸರ್ಕಾರದ್ದಪ, ಇದು ಮನಿದು,” ಎಂದರು ತಾತ.

ಚೌತಿ ಬಂತು. ಅಮ್ಮಾರು ಅಡಿಗೆಮನೆಯಿಂದಲೇ, “ಗಣಪ್ಪಗೆ ಇಪ್ಪತ್ತೊಂದು ಗರಿಕಿ ಕಿತ್ಕೊಂಬರ್ರಿ, ಕುಡಿ ಇರೋವು,” ಎಂದರು. ಯಜಮಾನ್ರು ತಟ್ಟೆ ಹಿಡಿದು ಮೊಳಕಾಲೂರಿದರು. ಕನ್ನಡಕ ಒರೆಸಿಕೊಂಡರು. ಈ ಮೂಲೆ, ಆ ಮೂಲೆ, ನಲ್ಲಿಯ ಬುಡ. ಪೂಜೆಗೆ ಬೇಕಾದ್ದು ಮೂರೆಲೆಯ ಕುಡಿ. ಇಲ್ಲಿ ಇಡೀ ಅಂಗಳದ ಕುಡಿಗಳೆಲ್ಲ ಒಂದೂವರೆ ಇಂಚಿನ ಮಟ್ಟಕ್ಕೆ ಸವರಿಹೋಗಿದ್ದವು. ಬಾತಿಯಲ್ಲೇ ಅತಿ ಹೆಚ್ಚು ಗರಿಕೆಯಿದ್ದ ಮನೆಯಲ್ಲಿ ಗಣಪನಿಗೆ ಒಂದು ಗರಿಕೆ ಇರಲಿಲ್ಲ.

ಕೊನೆಗೆ ಕಾಂಪೌಂಡಿನ ಆಚೆಗೆ ಕೂಗಬೇಕಾಯಿತು. ರೈತ ಬದುವಿನಿಂದ ಒಂದು ಹೊರೆಯನ್ನೇ ಕಿತ್ತು ತಂದು ಕೊಟ್ಟ. “ನಮ್ಮ ಬದುವಿನ ಮ್ಯಾಲೆ ಮಿಷನ್ ಓಡಂಗಿಲ್ಲ ಬಿಡ್ರಿ,” ಎಂದು ಮೀಸೆಯೊಳಗೇ ನಕ್ಕ. ಯಜಮಾನ್ರು ಹೊರೆ ಇಸಿದುಕೊಂಡು, ಅಮ್ಮಾರ ಕೈಗೆ ಕೊಡುವ ಮುಂಚೆ ಒಂದು ಎಸಳನ್ನು ಸ್ಕೇಲಿನ ಮೇಲಿಟ್ಟರು.

“ಆರಿಂಚು ಬೆಳಸ್ಯಾನ ನೋಡು. ನಾಕಕ್ಕೆ ಇಳಿಸಬೇಕಿತ್ತು.”