ಪಲ್ಲವಿ ಮುಗಿಯೋ ಮೊದಲೇ ತೀರ್ಪು

ನಿಜ ಹೇಳಿ. ಮೊನ್ನೆ ಬಂತಲ್ಲ ಹೊಸ ಹಾಡು, ಅದನ್ನ ಪೂರ್ತಿ ಕೇಳಿದ್ರಾ? ಪೂರ್ತಿ ಅಂದ್ರೆ ಪೂರ್ತಿ ಮತ್ತೆ. ಎರಡನೇ ಚರಣ, ಮಧ್ಯದ ಕೊಳಲು, ಕೊನೇ ಕೋರಸ್ಸು ಎಲ್ಲಾ ಸೇರಿ. ಇಲ್ಲ ತಾನೇ? ನಂಗೊತ್ತು. ಆದ್ರೂ ಆಫೀಸ್ ಕ್ಯಾಂಟೀನಲ್ಲಿ ‘ಅಷ್ಟಕ್ಕಷ್ಟೆ ಗುರೂ, ಹೋದ್ ಪಿಕ್ಚರ್‌ದೇ ವಾಸಿ’ ಅಂತ ತೀರ್ಪು ಕೊಟ್ಟೋರು ನೀವೇ. (ಹಿಂದಿನ ಟೇಬಲಲ್ಲಿ ನಾನಿದ್ದೆ.)

ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡ್ತಾರಲ್ಲ, ಹಾಗೆ ನಿಮಗೆ ಇಪ್ಪತ್ತು ಸೆಕೆಂಡ್ ಸಾಕು. ಲಿರಿಕಲ್ ವಿಡಿಯೊ ಸಂಜೆ ಐದಕ್ಕೆ ಬಿಟ್ರೆ, ಐದೂ ಒಂದಕ್ಕೆ ನಿಮ್ಮ ಅಭಿಪ್ರಾಯ ಫ್ಯಾಮಿಲಿ ಗ್ರೂಪಲ್ಲಿ ಬಿದ್ದಿರುತ್ತೆ. ಹಾಡೇ ನಾಲ್ಕು ನಿಮಿಷ ಇದೆ ಮಾರಾಯ್ರೆ! ಉಳಿದ ಮೂರು ನಿಮಿಷದಲ್ಲಿ ಏನೇನಾಯ್ತೋ ಅಂತ ಒಂದು ಕುತೂಹಲ ಬೇಡ್ವಾ?

ಇನ್ನು ಅಭಿಪ್ರಾಯ ಅಂದ್ರೆ ಏನು ಮಹಾ ವಿಮರ್ಶೆಯಾ? ಒಂದೋ ‘ಬೆಂಕಿ’, ಇಲ್ಲ ‘ಡಬ್ಬಾ’. ನಡುವೆ ಒಂದು ‘ಓಕೆ ಓಕೆ’. ಜಾಣರಾದೋರು ಮಾತ್ರ ‘ಕೇಳ್ತಾ ಕೇಳ್ತಾ ಹಿಡಿಸುತ್ತೆ’ ಅಂತಾರೆ. ಎಂಥಾ ಮಾತು ನೋಡಿ ಅದು! ಹಾಡು ಹಿಟ್ ಆದ್ರೆ ‘ನಾನ್ ಹೇಳಿರ್ಲಿಲ್ವಾ’. ತೋಪಾದ್ರೆ ‘ನೀವು ಸರಿಯಾಗಿ ಕೇಳ್ಲಿಲ್ಲ’.

ಅದೂ ಇರಲಿ, ಹಾಡು ಯಾರ ಪಿಕ್ಚರ್‌ದು ಅಂತ ಮೊದಲೇ ನೋಡ್ಕೊಂಡಿರ್ತೀರಿ. ನಿಮ್ಮ ಹೀರೋದಾದ್ರೆ ತಮಟೆಯ ಮೊದಲ ಏಟಿಗೇ ಮೈ ಜುಂ. ಪಕ್ಕದ ಹೀರೋದಾದ್ರೆ ಅದೇ ತಮಟೆ ‘ಬರೀ ಗಲಾಟೆ ಸಾರ್, ಮೆಲೊಡೀನೇ ಇಲ್ಲ’. ಹೆಸರು ಮುಚ್ಚಿಟ್ಟು ಎರಡು ಹಾಡು ಕೇಳಿಸಿದ್ರೆ ನಿಮ್ಮ ಗತಿ ಏನು? ಬೇಡ ಬಿಡಿ, ಸಂಸಾರಸ್ಥರು.

ನಿಮ್ಮೊಳಗೊಬ್ಬ ಪತ್ತೇದಾರನೂ ಇದ್ದಾನೆ. ಹೊಸ ಟ್ಯೂನ್ ಕಿವಿಗೆ ಬಿದ್ದ ತಕ್ಷಣ ಕಣ್ಣು ಕಿರಿದು ಮಾಡಿ ‘ಇದನ್ನ ಎಲ್ಲೋ ಕೇಳಿದೀನಲ್ಲಾ...’ ಅಂತ ಶುರು. ಎಲ್ಲಿ ಅಂತ ಕೇಳಿದ್ರೆ ಗೊತ್ತಿಲ್ಲ. ಆದ್ರೆ ಎತ್ತಿದ್ದಂತೂ ಹೌದು! (ಚಿಕ್ಕಂದಿನಲ್ಲಿ ಎರಡು ತಿಂಗಳು ಸಂಗೀತ ಕ್ಲಾಸಿಗೆ ಹೋದೋರಾದ್ರೆ ಇನ್ನೂ ಕಷ್ಟ. ‘ಮೋಹನ ಬೇಸ್ ಇದು’ ಅಂದ್ಬಿಟ್ಟು ಗಂಭೀರವಾಗಿ ಕಾಫಿ ಕುಡೀತಾರೆ. ಯಾರೂ ಮರುಮಾತಾಡಲ್ಲ, ಯಾಕಂದ್ರೆ ಯಾರಿಗೂ ಗೊತ್ತಿಲ್ಲ.)

ಈ ಪತ್ತೇದಾರಿಕೆ ಕೆಲವು ಸಲ ಉಲ್ಟಾ ಹೊಡೆಯೋದೂ ಉಂಟು. ಮಣಿರತ್ನಂ ಮೊದಲ ಪಿಕ್ಚರ್ ‘ಪಲ್ಲವಿ ಅನುಪಲ್ಲವಿ’, 1983ರದ್ದು, ಇಳಯರಾಜ ಸಂಗೀತ. ಅದರದ್ದೊಂದು ಟ್ಯೂನ್ ಎಷ್ಟೋ ವರ್ಷ ಆದ್ಮೇಲೆ ಐಡಿಯಾ ಮೊಬೈಲ್ ಜಾಹೀರಾತಿಗೆ ಬಂತು. ನಮ್ಮನೆ ಹುಡುಗನೊಬ್ಬ ಪಿಕ್ಚರ್ ನೋಡಿ ಏನಂದ ಗೊತ್ತಾ? ‘ಆಂಟಿ, ಫೋನ್ ಆ್ಯಡ್ ಮ್ಯೂಸಿಕ್ ಕದ್ದು ಹಾಕಿದಾರೆ!’

‘ವರಾಹ ರೂಪಂ’ ನೆನಪಿದೆಯಾ? ಮರೆತಿರಲ್ಲ ಬಿಡಿ. 2022ರ ಸೆಪ್ಟೆಂಬರ್ ಕೊನೇಲಿ ‘ಕಾಂತಾರ’ ಬಂತು. ಅಜನೀಶ್ ಲೋಕನಾಥ್ ಸಂಗೀತ. ಥೈಕ್ಕುಡಂ ಬ್ರಿಜ್ ಬ್ಯಾಂಡ್‌ನವರು ಈ ಹಾಡು ನಮ್ಮ ‘ನವರಸಂ’ ಥರಾನೇ ಇದೆ ಅಂತ ಕೇರಳದಲ್ಲಿ ಕೋರ್ಟಿಗೆ ಹೋದ್ರು. ಆ ಎರಡು ತಿಂಗಳು ಕರ್ನಾಟಕದಲ್ಲಿ ನ್ಯಾಯಾಧೀಶರಲ್ಲದ ಒಬ್ಬ ಮನುಷ್ಯ ಸಿಕ್ಕಿದ್ರೆ ತೋರಿಸಿ. ತರಕಾರಿ ಅಂಗಡೀಲಿ ಸೊಪ್ಪು ಕಟ್ಟಿಸ್ಕೊಳ್ತಾ ರಾಗ ಬೇರೆ, ಟ್ಯೂನ್ ಬೇರೆ ಅಂತ ವಾದ!

ಮಜಾ ಆಮೇಲೆ. ನವೆಂಬರಲ್ಲಿ ಪಿಕ್ಚರ್ ಓಟಿಟಿಗೆ ಬಂದಾಗ ಆ ಜಾಗದಲ್ಲಿ ಬೇರೆ ಟ್ಯೂನ್ ಇತ್ತು. ಸಾಹಿತ್ಯ ಅದೇ, ದೈವ ಅದೇ, ಅಬ್ಬರವೂ ಅದೇ. ಅಷ್ಟಕ್ಕೇ ನೀವು ಊಟ ಬಿಟ್ರಿ! ‘ನಮ್ಮ ಹಾಡು ನಮಗೆ ಕೊಡಿ’ ಅಂತ ಕೂಗಾಟ. ಹಿಂದಿನ ವಾರ ‘ನೂರಕ್ಕೆ ನೂರು ಕಾಪಿ’ ಅಂದಿದ್ದ ನಿಮ್ಮ ಭಾವನೂ ಆ ಸಾಲಲ್ಲೇ ನಿಂತಿದ್ರು. ಮುಂದೆ ಹಳೇ ಟ್ಯೂನ್ ವಾಪಸ್ ಬಂತು, ಎಲ್ಲರೂ ಜಡ್ಜ್ ಕೆಲಸಕ್ಕೆ ರಾಜೀನಾಮೆ ಕೊಟ್ರು.

ಕ್ಯಾಸೆಟ್ ಕಾಲದಲ್ಲಿ ಹೀಗಿರಲಿಲ್ಲ ಅಂತ ಶುರು ಮಾಡ್ತೀರಾ? ಮಾಡಿ, ನಾನೂ ಜೊತೆಗಿದೀನಿ. ಆದ್ರೆ ಕಾರಣ ಬೇರೆ. ಆಗ ಕಾಸು ಕೊಟ್ಟಿರ್ತಿದ್ವಿ. ಅಪ್ಪನ ಹತ್ರ ಕಾಡಿ ಬೇಡಿ, ಮೆಜೆಸ್ಟಿಕ್‌ಗೆ ಹೋಗಿ ತಂದ ಕ್ಯಾಸೆಟ್ ಚೆನ್ನಾಗಿಲ್ಲ ಅನ್ನೋಕೆ ಬಾಯಿ ಬರುತ್ತಾ? ದುಡ್ಡು ಕೊಟ್ಟ ಹಾಡು ಕೆಟ್ಟದಾಗಿರೋಕೆ ಸಾಧ್ಯವೇ ಇರಲಿಲ್ಲ. ನಾಯಕಿ ಸಾಯೋ ಪ್ಯಾಥೋ ಸಾಂಗನ್ನೂ ಬಿಡದೆ ಕೇಳ್ತಿದ್ವಿ, ಯಾಕಂದ್ರೆ ಫಾರ್ವರ್ಡ್ ಬಟನ್ ಜಾಸ್ತಿ ಒತ್ತಿದ್ರೆ ಟೇಪು ಸಿಕ್ಕಾಕ್ಕೊಳ್ಳುತ್ತೆ ಅಂತ ಭಯ.

ಒಂದೇ ಕ್ಯಾಸೆಟ್‌ನಲ್ಲಿ ಎರಡು ಪಿಕ್ಚರ್ ಬರ್ತಿತ್ತಲ್ಲ, ಜ್ಞಾಪಕ ಇದೆಯಾ? ಈ ಕಡೆ ನಿಮಗೆ ಬೇಕಾದ ಸೂಪರ್ ಹಿಟ್ಟು, ಆ ಕಡೆ ಯಾರೂ ಹೆಸರೇ ಕೇಳದ ಯಾವುದೋ ಪಿಕ್ಚರ್. ಅರ್ಧ ಕ್ಯಾಸೆಟ್ ವೇಸ್ಟ್ ಅಂತ ಬೈಕೊಂಡು ತಂದು, ವರ್ಷ ಕಳೆಯೋದ್ರಲ್ಲಿ ಆ ಕಡೆಯದೇ ಬಾಯಿಪಾಠ. ಆ ಪಿಕ್ಚರ್ ಎಷ್ಟು ದಿನ ಓಡ್ತು ಅಂತ ಅದರ ನಿರ್ಮಾಪಕರಿಗೂ ನೆನಪಿರಲ್ಲ, ಹಾಡು ಮಾತ್ರ ನಿಮಗೆ ನಿದ್ದೇಲೂ ಬರುತ್ತೆ. ಈಗ ಫ್ರೀಯಾಗಿ ಸಿಗುತ್ತೆ ನೋಡಿ, ಅದಕ್ಕೇ ನಮಗಿಷ್ಟು ಧಿಮಾಕು.

2023ರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಬಂದಾಗ ಹೇಮಂತ್ ರಾವ್ ಅದನ್ನ ಸೈಡ್ ಎ, ಸೈಡ್ ಬಿ ಅಂತ ಎರಡು ಪಿಕ್ಚರ್ ಮಾಡಿದ್ರು. ಒಂದು ಸೆಪ್ಟೆಂಬರಲ್ಲಿ, ಇನ್ನೊಂದು ನವೆಂಬರಲ್ಲಿ. ಎರಡಕ್ಕೂ ಚರಣ್ ರಾಜ್ ಸಂಗೀತ. ಜನ್ಮದಲ್ಲಿ ಒಂದು ಕ್ಯಾಸೆಟ್ ತಿರುಗಿಸಿ ಹಾಕದ ಹುಡುಗ್ರು ‘ಸೈಡ್ ಎ ಮುಂದೆ ಸೈಡ್ ಬಿ ಏನಿಲ್ಲ ಬ್ರೋ’ ಅಂತ ಕಣ್ಣಲ್ಲಿ ನೀರು ತುಂಬ್ಕೊಂಡು ಜಗಳಾಡೋದನ್ನ ನಾನು ದರ್ಶಿನಿಯೊಂದರಲ್ಲಿ ಕಣ್ಣಾರೆ ಕಂಡೆ. (ಆ ಆಲ್ಬಂ ನಿಜಕ್ಕೂ ಚೆನ್ನಾಗಿದೆ. ಇದು ನನ್ನ ತೀರ್ಪು. ನಾನು ಪೂರ್ತಿ ಕೇಳಿದೀನಿ, ಆಣೆ.)

ಈಗ ಹತ್ರ ಬನ್ನಿ, ಒಂದು ಗುಟ್ಟು. ನಿಮ್ಮ ಪ್ರಕಾರ ಕನ್ನಡ ಹಾಡಿಗೆ ಸುವರ್ಣಯುಗ ಯಾವುದು? ಹೇಳ್ಬೇಡಿ, ನೀವು ಪಿಯುಸಿ ಓದಿದ್ದು ಯಾವಾಗ ಅಂತ ಮಾತ್ರ ಹೇಳಿ. ಉಳಿದಿದ್ದು ನಾನು ಹೇಳ್ತೀನಿ.

ನಮ್ಮ ದೊಡ್ಡಪ್ಪಂಗೆ 1974ರ ‘ಎರಡು ಕನಸು’ ಆದ್ಮೇಲೆ ಸಂಗೀತ ಮುಗೀತು. ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, ಅಲ್ಲಿಗೆ ಗೇಟ್ ಬಂದ್. ಚಿಕ್ಕಪ್ಪಂಗೆ ಶಂಕರ್‌ನಾಗ್ ಮಾಡಿದ ‘ಗೀತಾ’, 1981, ಇಳಯರಾಜ. (ಆ ಇಳಯರಾಜ ಜಿ.ಕೆ. ವೆಂಕಟೇಶ್ ಹತ್ರಾನೇ ಅಸಿಸ್ಟೆಂಟ್ ಆಗಿದ್ದೋರು ಅಂತ ಹೇಳಿದ್ರೆ ದೊಡ್ಡಪ್ಪ ಮುಖ ಆ ಕಡೆ ತಿರುಗಿಸ್ತಾರೆ.) ಸೋದರತ್ತೆ ಮಗನಿಗೆ 1987ರ ‘ಪ್ರೇಮಲೋಕ’. ತಂಗಿಗೆ 2006ರ ಕೊನೇಲಿ ಬಂದ ‘ಮುಂಗಾರು ಮಳೆ’. ಎಲ್ಲರದ್ದೂ ಲೆಕ್ಕ ಹಾಕಿ ನೋಡಿ, ಮೀಸೆ ಚಿಗುರಿದ ವರ್ಷ, ಇಲ್ಲ ಎರಡು ಜಡೆ ಹೋಗಿ ಒಂದು ಜಡೆ ಆದ ವರ್ಷ.

‘ಪ್ರೇಮಲೋಕ’ ಬಂದಾಗ ದೊಡ್ಡಪ್ಪ ಆಡಿದ ಮಾತು ನಮ್ಮನೇಲಿ ಇವತ್ತಿಗೂ ಫೇಮಸ್ಸು. ‘ಇದೇನು ಹಾಡೋ, ಬಸ್ ಸ್ಟ್ಯಾಂಡಲ್ಲಿ ಹುಡುಗ್ರು ಮಾತಾಡ್ದಂಗಿದೆ!’ ಅವರು ಅಂದಿದ್ದು ಸರೀನೇ. ಹಂಸಲೇಖ ಟ್ಯೂನು, ಸಾಹಿತ್ಯ ಎರಡನ್ನೂ ತಾವೇ ಮಾಡಿ, ಕಾಲೇಜು ಹುಡುಗ ಹುಡುಗೀರ ಮಾತನ್ನೇ ತಾಳಕ್ಕೆ ಕೂರಿಸಿದ್ರು. ಊರಿನ ಹುಡುಗ್ರೆಲ್ಲಾ ಅದಕ್ಕೇ ಹುಚ್ಚಾಗಿದ್ದು. ದೊಡ್ಡಪ್ಪ ಬೈದಿದ್ದೂ ಅದಕ್ಕೇ.

ಅದೇ ಸೋದರತ್ತೆ ಮಗ ಈಗ ಐವತ್ತು ದಾಟಿದ್ದಾನೆ. ಮಗ ಕಾರಲ್ಲಿ ಕನ್ನಡ ರ್‍ಯಾಪ್ ಹಾಕಿದ್ರೆ ಏನಂತಾನೆ ಹೇಳಿ? ‘ಇದೇನು ಹಾಡೋ, ಬರೀ ಮಾತಾಡ್ತಾನೆ!’ ಹಿಂದಿನ ಸೀಟಲ್ಲಿ ದೊಡ್ಡಪ್ಪ ಮುಸಿಮುಸಿ ನಗ್ತಿದ್ರು. ಇನ್ನು ನಮ್ಮ ಪಕ್ಕದ್ಮನೆ ಹುಡುಗ, ಈಗಿನ್ನೂ ಕೆಲಸಕ್ಕೆ ಸೇರಿದಾನೆ, ಇಎಂಐ ಕೂಡ ಶುರುವಾಗಿಲ್ಲ, ಅವನೂ ನಿಟ್ಟುಸಿರು ಬಿಡ್ತಾನೆ: ‘ಕಿರಿಕ್ ಪಾರ್ಟಿ ಟೈಮಲ್ಲಿ ಇತ್ತು ಆಂಟಿ, ಹಾಡು ಅಂದ್ರೆ.’ ಅದು ಬಂದಿದ್ದು 2016ರ ಕೊನೇಲಪ್ಪಾ! ಆಗಲೇ ಹಳೇದಾಯ್ತಾ?

ನಿಮ್ಮ ಇನ್ನೊಂದು ದೊಡ್ಡ ದೂರು, ಹೊರಗಿನ ಗಾಯಕರು. ‘ನಮ್ಮೋರು ಸಿಗಲ್ವಾ? ಉಚ್ಚಾರಣೆ ನೋಡಿ, ಕಿವಿ ಸೀಳುತ್ತೆ!’ ಒಪ್ಪಿದೆ, ಕೆಲವು ಸಲ ಸೀಳುತ್ತೆ. ಇಲ್ಲಿ ಹಾಡೋರಿದ್ದಾರೆ, ಕರೀಬೇಕು, ಅದೂ ನಿಜ. ಆದ್ರೆ ಆ ಮಾತು ಮುಗಿಸಿ ನೀವು ಕಾರಲ್ಲಿ ಹಾಕ್ಕೊಳ್ಳೋದು ಯಾರನ್ನ? ವರ್ಷಗಟ್ಟಲೆ ರಾಜ್‌ಕುಮಾರ್ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ಕಾಕಿನಾಡದೋರು. ಎಸ್. ಜಾನಕಿ ಗುಂಟೂರು ಜಿಲ್ಲೆಯೋರು. ಎಸ್‌ಪಿಬಿಯೂ ಆ ಕಡೆಯೋರೇ. ‘ಅನಿಸುತಿದೆ’ ಹಾಡಿದ ಸೋನು ನಿಗಮ್ ಏನು ಮಂಡ್ಯದೋರಾ?

‘ಅನಿಸುತಿದೆ’ ಅಂದ್ಕೂಡಲೇ ಮುಖ ಅರಳ್ತು ನೋಡಿ! ಜಯಂತ ಕಾಯ್ಕಿಣಿ ಸಾಹಿತ್ಯ, ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಮನೋಮೂರ್ತಿ ಸಂಗೀತ, ‘ಆಹಾ, ಸಾಹಿತ್ಯ ಅಂದ್ರೆ ಅದು’ ಅಂತೀರಿ. ಸರಿ, ಎರಡನೇ ಚರಣ ಹಾಡಿ. ಹಾಡಿ, ಪರವಾಗಿಲ್ಲ. ...ಲಲಲಾ ಅಂದ್ರೆ ನಡೆಯಲ್ಲ ಸ್ವಾಮಿ! ಸಾಹಿತ್ಯಪ್ರೇಮಿಗಳು ತಾವು!

ಸುಗಮ ಸಂಗೀತದ ಕಡೆಯೋರು ನಗ್ಬೇಡಿ, ನಿಮ್ಮ ಕಡೇಗೂ ಬರ್ತಿದೀನಿ. ‘ಕವಿಯ ಮಾತು ಕೇಳಿಸ್ಬೇಕು, ವಾದ್ಯ ಅಲ್ಲ’ ಅಂತ ಹೊಸ ಭಾವಗೀತೆ ಆಲ್ಬಂ ಬಂದಾಗೆಲ್ಲಾ ಹೇಳೋರು ನೀವೇ ತಾನೇ? ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ 1978ರಲ್ಲಿ ಮೈಸೂರು ಅನಂತಸ್ವಾಮಿ ಸಂಗೀತದಲ್ಲಿ ಕ್ಯಾಸೆಟ್ ಆಗಿ ಬಂದಾಗ್ಲಿಂದ ಅನಂತಸ್ವಾಮಿ ಪಾರ್ಟಿ. ಎದುರಿಗೆ ಅಶ್ವಥ್ ಪಾರ್ಟಿ. ಇವರ ಎದುರು ಅವರ ಹೆಸರೆತ್ತಿದ್ರೆ ಬೋಂಡಾನೂ ಸಿಗಲ್ಲ. 2005ರಲ್ಲಿ ಅಶ್ವಥ್ ಬೆಂಗಳೂರು ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಮಾಡಿದಾಗ ಎರಡು ಪಾರ್ಟಿಯೋರೂ ಒಟ್ಟಿಗೇ ನಿಂತು ಕೇಳಿದ್ರು. ಮನೆಗೆ ಬಂದು ಮತ್ತೆ ಬೇರೆಯಾದ್ರು.

ಅಂತಿಮ ತೀರ್ಪು ನಿಮ್ಮದೂ ಅಲ್ಲ, ನನ್ನದೂ ಅಲ್ಲ ಅಂತ ನಿಮಗೂ ಗೊತ್ತು. ಅದು ಗಣೇಶನ ಪೆಂಡಾಲಲ್ಲಿ, ಮದುವೆ ಆರ್ಕೆಸ್ಟ್ರಾದಲ್ಲಿ ಆಗೋದು. ಕೀಬೋರ್ಡ್ ಹುಡುಗ ಎರಡು ಸ್ವರ ಒತ್ತೋದ್ರೊಳಗೆ ಮಕ್ಕಳು ಕುರ್ಚಿ ಬಿಟ್ಟು ಓಡಿದ್ರೆ ಹಾಡು ಪಾಸು. ಓಡ್ಲಿಲ್ಲ ಅಂದ್ರೆ ಎಂಥಾ ರಾಗ ಇದ್ರೂ ಅಷ್ಟೇ ಕಥೆ. ಅಲ್ಲಿ ಯಾರೂ ‘ಕೇಳ್ತಾ ಕೇಳ್ತಾ ಹಿಡಿಸುತ್ತೆ’ ಅನ್ನಲ್ಲ.

2018ರಲ್ಲಿ ‘ಟಗರು’ ಬಂದಾಗ ಅದರ ಟೈಟಲ್ ಸಾಂಗ್ ಕೇಳಿ ‘ಅಭಿರುಚಿ ಎಲ್ಲಿಗೆ ಬಂತು ನೋಡಿ’ ಅಂತ ತಲೆ ಚಚ್ಕೊಂಡಿದ್ರಿ ಅಲ್ವಾ? ಆ ವರ್ಷ ನಾದಿನಿ ಮದುವೆ ರಿಸೆಪ್ಷನ್ನಲ್ಲಿ, ಊಟದ ಎಲೆ ಬಿಟ್ಟೆದ್ದು, ಹೆಗಲ ಮೇಲಿನ ಶಲ್ಯ ಸೊಂಟಕ್ಕೆ ಬಿಗಿದು, ಎರಡು ಕೈ ಹಣೆ ಹತ್ರ ಕೊಂಬು ಮಾಡಿ ಬೀಗರಿಗೆ ಗುದ್ದೋಕೆ ಹೋದೋರು ಯಾರು? ನಾನಲ್ಲಪ್ಪ. ವಿಡಿಯೊ ಇನ್ನೂ ನಿಮ್ಮ ಭಾವಮೈದನ ಫೋನಲ್ಲಿದೆ, ಬೇಗ ಡಿಲೀಟ್ ಮಾಡಿಸ್ಕೊಳ್ಳಿ.