ಸೋಮವಾರ ಬಾರದ ಟೈಲರ್

ನನ್ನ ತಂಗಿಯನ್ನು ಕೊಟ್ಟಿರುವುದು ಕೊಯಮತ್ತೂರಿನ ದೇವಾಂಗದವರ ಮನೆಗೆ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಅವಳ ಮಗನಿಗೆ ಮಾತ್ರ ಒಳಗೂ ಹೊರಗೂ ಹೆಡ್‌ಫೋನು. ಇಂಜಿನಿಯರಿಂಗ್ ಮುಗಿಸಿದವನು ಕೆಲಸಕ್ಕೂ ಹೋಗದೆ ಒಂಟಿಯಾಗಿ ಕೂತು ಕಂಪ್ಯೂಟರಿನಲ್ಲಿ ಆಡುವ ಇಸ್ಪೀಟಿನಂಥದೇನನ್ನೋ ಕಟ್ಟುತ್ತಿದ್ದಾನೆ. ಹೆಸರು ‘ಬನಿಯನ್ ಕಂಪನಿ’. ತಿರುಪ್ಪೂರಿನಲ್ಲಿ ಒಂದು ಸಣ್ಣ ಘಟಕ ಇಟ್ಟುಕೊಂಡು ದಿವಾಳಿಯಾಗದೆ ಬದುಕುವುದೇ ಆಟ.

ಇದಕ್ಕೆ ಮೂಲ ಸ್ಟ್ಯಾಕ್‌ಲ್ಯಾಂಡ್ಸ್ ಎಂಬ ಆಟವಂತೆ. ನೆದರ್ಲೆಂಡ್ಸಿನ ಸೋಕ್‌ಪಾಪ್ ಎಂಬ ಪುಟ್ಟ ತಂಡ 2022ರಲ್ಲಿ ತಂದದ್ದು. ಅಲ್ಲಿ ಹಳ್ಳಿಗನ ಕಾರ್ಡನ್ನು ಹಣ್ಣಿನ ಪೊದೆಯ ಕಾರ್ಡಿನ ಮೇಲೆ ಇಟ್ಟರೆ ಹಣ್ಣು ಬರುತ್ತದೆ. ಒಂದು ತಿಂಗಳು ಕಳೆದಾಗ, ಅಂದರೆ ಎರಡು ನಿಮಿಷಕ್ಕೆ, ಪ್ರತಿ ಹಳ್ಳಿಗನಿಗೂ ಎರಡು ಪಾಲು ಊಟ ಹಾಕಬೇಕು, ಇಲ್ಲದಿದ್ದರೆ ಸಾಯುತ್ತಾನೆ. ನಮ್ಮವನು ಹಳ್ಳಿಗನನ್ನು ಟೈಲರ್ ಮಾಡಿದ, ಪೊದೆಯನ್ನು ಪವರ್ ಟೇಬಲ್ (ಕರೆಂಟಿನ ಹೊಲಿಗೆ ಯಂತ್ರ) ಮಾಡಿದ, ತಿಂಗಳ ಊಟವನ್ನು ಶನಿವಾರದ ಸಂಬಳ ಮಾಡಿದ. ತಿರುಪ್ಪೂರಿನಲ್ಲಿ ವಾರದ ಲೆಕ್ಕ ಶನಿವಾರ ಚುಕ್ತಾ ಆಗಬೇಕು. ಅದು ಎರಡು ನಿಮಿಷಕ್ಕೊಮ್ಮೆ ಬಂದರೆ ಎಂಥ ಯಜಮಾನನಿಗೂ ಎದೆ ಹೊಡೆದುಕೊಳ್ಳುತ್ತದೆ.

ಆಡಿ ನೋಡಲು ಅವನು ಕೂರಿಸಿದ್ದು ಅಜ್ಜನನ್ನು, ಅಂದರೆ ನಮ್ಮ ಬೀಗರನ್ನು. ನಲವತ್ತು ವರ್ಷ ತಿರುಪ್ಪೂರಿನಲ್ಲಿ ನಿಜವಾದ ಬನಿಯನ್ ಕಂಪನಿ ನಡೆಸಿ, ನಿಜವಾಗಿಯೇ ದಿವಾಳಿಯಾಗದೆ ಉಳಿದವರು.

ಆಟ ಶುರುವಾದಾಗ ಮೇಜಿನ ಮೇಲೆ ಮೂರೇ ಕಾರ್ಡು: ನೂಲು, ಟೇಬಲ್, ಟೈಲರ್. ಟೈಲರನ್ನು ಟೇಬಲ್ ಮೇಲೆ ಎಳೆದಿಟ್ಟರೆ ಒಂದು ನೀಲಿ ಪಟ್ಟಿ ತೆವಳಲು ಶುರು. ಮಾಡಲು ಬೇರೇನೂ ಇಲ್ಲ. ಬೀಗರು ಕಾಫಿ ಕುಡಿದರು, ಪೇಪರ್ ಓದಿದರು. ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿ ಗುಡಿಯ ದಸರಾ ಮೆರವಣಿಗೆಯಲ್ಲಿ ವೀರಕುಮಾರರು ಎದೆ ತೋಳಿಗೆ ಕತ್ತಿ ಹಾಕಿಕೊಂಡು ಅಮ್ಮನನ್ನು ಕರೆದುತರುತ್ತಾರಲ್ಲ, ಅದನ್ನು ನೆನೆದು ಕೇಳಿದರು: “ಇದು ಮುಂದಕ್ಕೆ ಹೋಗಬೇಕಾದ್ರೆ ನಾನೂ ಕತ್ತಿ ಹಾಕ್ಕೋಬೇಕೇನೋ?”

ಅರ್ಧ ಗಂಟೆಯಾದ ಮೇಲೆ ಎಲ್ಲ ಒಟ್ಟಿಗೆ ನುಗ್ಗಿತು. ಸ್ಯಾಂಪಲ್ ಒಪ್ಪಿಗೆ, ಡೈಯಿಂಗಿನಲ್ಲಿ ಬಣ್ಣ ತಪ್ಪಿದ ಬಟ್ಟೆ, ಕರೆಂಟ್ ಕಟ್, ದೀಪಾವಳಿ ಬೋನಸ್, ತೂತುಕುಡಿ ಬಂದರಿಗೆ ಹೊರಡಬೇಕಾದ ಕಂಟೇನರ್. ಒಂದು ಕಾರ್ಡ್ ಓದುವಷ್ಟರಲ್ಲಿ ಅದರ ಮೇಲೆ ಇನ್ನೊಂದು. ಇದನ್ನೂ ದಾಟಿದರೆ ಮೂರನೆಯ ಘಟ್ಟ: ಟೈಲರುಗಳು ಮೂವತ್ತು, ದುಡ್ಡು ಧಾರಾಳ, ಅಪಾಯ ಯಾವುದೂ ಇಲ್ಲ. ಶನಿವಾರ ಬಂದರೆ ಮೂವತ್ತು ಜನರಿಗೂ ಒಂದೊಂದೇ ಸಲ ಕಾಸು ಎಳೆದು ಹಾಕಬೇಕು. ನನ್ನ ಮಟ್ಟಿಗೆ ಇದೇ ದೊಡ್ಡ ದೋಷ. ಬಡತನದಲ್ಲಿ ಬೇಜಾರಾದರೆ ಆಟಗಾರ ಸಹಿಸುತ್ತಾನೆ, ಶ್ರೀಮಂತನಾದ ಮೇಲೂ ಬೇಜಾರಾದರೆ ಆಟ ಮುಚ್ಚಿ ಎದ್ದು ಹೋಗುತ್ತಾನೆ.

“ತಿರುಪ್ಪೂರು ಇರೋದೇ ಹಾಗಲ್ವಾ ತಾತಾ? ಆರ್ಡರ್ ಇಲ್ಲದಾಗ ನೊಣ ಹೊಡಿಯೋದು, ಬಂದಾಗ ಒಂದೂವರೆ ಶಿಫ್ಟು.” ಹುಡುಗನ ವಾದ.

“ಇರೋದು ಹಾಗೇ ಕಣಪ್ಪಾ. ಅದನ್ನ ನಾನು ಆಡಿ ಮುಗಿಸಿದ್ದೀನಿ. ಮತ್ತೆ ದುಡ್ಡು ಕೊಟ್ಟು ಯಾಕೆ ಆಡ್ಲಿ?”

ಈ ಮಾತಿಗೆ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ಉತ್ತರ ಕಲಿಸುವುದಿಲ್ಲ. ಹುಡುಗ ಮಧ್ಯದ ಗದ್ದಲಕ್ಕಾಗಿ ಆಟ ನಿಲ್ಲಿಸುವ ಗುಂಡಿ ಇಟ್ಟ. ಬೀಗರು ಅದನ್ನು ದಿಟ್ಟಿಸಿ ನೋಡಿದರು. “ಇದನ್ನ ನಮಗೆ 2011ರಲ್ಲಿ ಹೈಕೋರ್ಟೇ ಒತ್ತಿತ್ತು.” ನೊಯ್ಯಲ್ ನದಿಗೆ ಬಣ್ಣದ ನೀರು ಬಿಡುತ್ತಿದ್ದ ಕಾರಣಕ್ಕೆ ಆ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ 700ಕ್ಕೂ ಹೆಚ್ಚು ಡೈಯಿಂಗ್, ಬ್ಲೀಚಿಂಗ್ ಘಟಕಗಳನ್ನು ಮುಚ್ಚಿಸಿತ್ತು. ಕೆಳಗಿನ ಊರುಗಳ ರೈತರು ವರ್ಷಗಟ್ಟಲೆ ಹೋರಾಡಿ ಪಡೆದ ತೀರ್ಪು ಅದು. ಅದೇ ನದಿಯ ಒರತ್ತುಪಾಳ್ಯದ ಅಣೆಕಟ್ಟೆಯಲ್ಲಿ ನಿಂತ ಆ ಬಣ್ಣದ ನೀರು ಕಂಡವರು ಅದನ್ನು ತಪ್ಪೆನ್ನಲಾರರು, ಬೀಗರೂ ಅನ್ನುವುದಿಲ್ಲ. “ಆದ್ರೆ ನಿನ್ನ ಗುಂಡಿ ಒತ್ತಿದ್ರೆ ಬ್ಯಾಂಕಿನ ಬಡ್ಡಿಯೂ ನಿಲ್ಲುತ್ತಲ್ಲೋ! ಅದು ಅನ್ಯಾಯ.”

ಕೊನೆಯ ಘಟ್ಟಕ್ಕೆ ಹುಡುಗ ಸೂಪರ್‌ವೈಸರ್ ಕಾರ್ಡ್ ತಂದ, ಸಂಬಳ ಹಂಚುವ ತಲೆನೋವು ಅವನಿಗೆ. ಮೊದಲ ಅರ್ಧ ಗಂಟೆಗೆ ಮದ್ದು ಹೇಳಿದ್ದು ಬೀಗರೇ: “ಶನಿವಾರ ಸಂಬಳ ತಗೊಂಡು, ಮೇಲೆ ಅಡ್ವಾನ್ಸೂ ತಗೊಂಡು, ಸೋಮವಾರ ಪಕ್ಕದ ಕಂಪನಿಗೆ ಹೋಗೋ ಟೈಲರ್ ಎಲ್ಲಿ? ಅವನನ್ನ ಮೊದಲನೇ ವಾರವೇ ಬಿಡು, ಯಾರು ಕಾಫಿ ಕುಡೀತಾರೋ ನೋಡೋಣ.”

ಬಿಟ್ಟ. ಆಟಕ್ಕೆ ಜೀವ ಬಂತು. ಇರುವ ಒಬ್ಬನೇ ಟೈಲರ್ ಮಾಯವಾದರೆ ನೀಲಿ ಪಟ್ಟಿಯ ಮುಂದೆ ತೂಕಡಿಸುವವರು ಯಾರು? ಮುಂದಿನ ವಾರ ಬೆಂಗಳೂರಿನ ಗೆಳೆಯರಿಗೆ ಆಡಲು ಕಳಿಸಿದ. ಒಬ್ಬ ರಾತ್ರಿಯೇ ಫೋನ್ ಮಾಡಿ, ಸೋಮವಾರ ಬೆಳಿಗ್ಗೆ ಟೈಲರ್ ಕಾರ್ಡ್ ಕಾಣೆಯಾಗುತ್ತಿದೆ, ಜೊತೆಗೆ ಕಾಸೂ ಹೋಗುತ್ತಿದೆ, ಪ್ರೋಗ್ರಾಮಿನಲ್ಲಿ ಎಲ್ಲೋ ಬಗ್ ಇದೆ, ಸರಿಮಾಡು ಎಂದ.

ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಬೀಗರು ಮೊಮ್ಮಗನ ಕೈಯಿಂದ ಫೋನ್ ಇಸಿದುಕೊಂಡರು. “ನನಗೂ ಹಾಗೇ ಅನ್ನಿಸ್ತಿತ್ತಪ್ಪಾ,” ಎಂದರು, “ಯಾರಿಗೆ ಫೋನ್ ಮಾಡಬೇಕೂಂತ ಗೊತ್ತಿರಲಿಲ್ಲ.”