ಮೋಗ್ಲಿ ಅಣ್ಣನ ಪಾಡು

ರಾಯಚೂರಿನ ತೀನ್ ಕಂದೀಲ್ ಹತ್ತಿರ ಸಂಜೆ ಹೊತ್ತು ಒಗ್ಗರಣಿ-ಮಿರ್ಚಿ ತಿನ್ನುತ್ತ ನಿಂತವರ ನಡುವೆ ‘ಜಂಗಲ್ ಬುಕ್’ ಅಂತ ಒಂದು ಮಾತು ಬಿಟ್ಟು ನೋಡಿ. ನಲವತ್ತು ದಾಟಿದ, ಹೊಟ್ಟೆಯ ಮೇಲಿನ ಗುಂಡಿ ಈಗಲೋ ಆಗಲೋ ಎನ್ನುವಂತಿರುವ ಒಬ್ಬರು ಬೆರಳಿನ ಎಣ್ಣೆಯನ್ನು ಪೇಪರಿಗೆ ಒರೆಸಿ ನಿಮ್ಮ ಕಡೆ ತಿರುಗುತ್ತಾರೆ. ತಿರುಗಿದರು ಅಂದರೆ ನಿಮ್ಮ ಬಸ್ಸು ಹೋಯಿತು ಅಂತಲೇ ತಿಳಿಯಿರಿ.

ಈ ಜಾತಿಯವರು ಮಾನ್ವಿಯಲ್ಲೂ ಇದ್ದಾರೆ, ದೇವದುರ್ಗದಲ್ಲೂ ಇದ್ದಾರೆ. ನಮ್ಮ ಪಾಲಿಗೆ ಬಂದವರಿಗೆ ಮೋಗ್ಲಿ ಅಣ್ಣ ಅಂತ ಹೆಸರು. ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಚಹಾ ಕುಡಿಯುವವರಿಗಷ್ಟೇ ಹೇಳುತ್ತಿದ್ದ ‘ಜಂಗಲ್ ಬುಕ್’ ಕಾರ್ಟೂನಿನ ಕಥೆ ಊರಿಗೆಲ್ಲ ಹಬ್ಬಿದ್ದಕ್ಕೆ ಅವರ ಅಕ್ಕನ ಮಗನೇ ಕಾರಣ. “ಮಾಮಾ, ಹೆಂಗಿದ್ರೂ ನೀವು ಬಾಯಿ ಮುಚ್ಚಂಗಿಲ್ಲ, ರೆಕಾರ್ಡಾದ್ರೂ ಮಾಡ್ರಿ” ಅಂದ. ಹಾಗೆ ಶುರುವಾಯಿತು ಪಾಡ್‌ಕಾಸ್ಟ್. ಮನೆಯವರ ಬಾಯಲ್ಲಿ ಅದು ಬರೀ ‘ಪಾಡು’. “ನಿಮ್ಮ ಪಾಡು ಮುಗೀತೇನ್ರಿ? ರೊಟ್ಟಿ ಆರಾಕತ್ತ್ಯಾವು” ಎನ್ನುವ ಕೂಗು ಪ್ರತಿ ಸಂಚಿಕೆಯಲ್ಲೂ ಒಮ್ಮೆಯಾದರೂ ಕೇಳುತ್ತದೆ.

ಸ್ಟುಡಿಯೋ ಅಂದರೆ ಅಂಗಡಿಯ ಹಿಂದಿನ ಗೋದಾಮು. ಬೆಂಗಳೂರಿನ ಹುಡುಗರು ಗೋಡೆಗೆ ಫೋಮ್ ಬಡಿದು ದುಡ್ಡು ಸುರಿಯುತ್ತಾರಂತೆ. ಇಲ್ಲಿ ಹತ್ತಿ ಅಂಡಿಗೆಗಳ ನಡುವೆ ಕೂತರೆ ದನಿ ಬೆಣ್ಣೆಯ ಹಾಗೆ ಬರುತ್ತದೆ. ಆದರೆ ಸೀಜನ್ ಮುಗಿದು ಅಂಡಿಗೆಗಳು ಲಾರಿ ಹತ್ತಿದ ಮೇಲೆ ಕಥೆಯ ಹುಲಿ ಶೇರ್ ಖಾನ್ ಬಾವಿಯೊಳಗೆ ಬಿದ್ದು ಗರ್ಜಿಸಿದಂತೆ ಕೇಳುತ್ತಾನೆ. ಹತ್ತಿಯ ದರ ಏರಿದಾಗಲೂ ಅಷ್ಟೇ. ಮಾಲು ಖಾಲಿ, ಕಾಡಿನ ತುಂಬ ಪ್ರತಿಧ್ವನಿ.

ಮೋಗ್ಲಿಯ ಕಾರ್ಟೂನು ಜಪಾನಿನಲ್ಲಿ ತಯಾರಾಗಿದ್ದು, ಒಟ್ಟು 52 ಕಂತು. 1993ರಲ್ಲಿ ದೂರದರ್ಶನ ಅದನ್ನು ಹಿಂದಿಯಲ್ಲಿ ತಂದಿತು. ಗುಲ್ಜಾರರ ಶೀರ್ಷಿಕೆ ಗೀತೆ, ವಿಶಾಲ್ ಭಾರದ್ವಾಜರ ರಾಗ, ಶೇರ್ ಖಾನನಿಗೆ ನಾನಾ ಪಾಟೇಕರರ ಗಂಟಲು. ಕಂತಿಗೊಂದು ಸಂಚಿಕೆ ಅಂತ ಮೋಗ್ಲಿ ಅಣ್ಣ ಲೆಕ್ಕ ಹಾಕಿದ್ದರು. ಅಡತಿ ಲೆಕ್ಕದಲ್ಲಿ ಪೈಸೆ ತಪ್ಪದ ಮನುಷ್ಯ ಈ ಲೆಕ್ಕದಲ್ಲಿ ಮುಗ್ಗರಿಸಿದರು. ಆರು ತಿಂಗಳಾಯಿತು, ತೋಳ ಇನ್ನೂ ಕೂಸನ್ನು ಗುಹೆಗೆ ಒಯ್ದಿಲ್ಲ.

ಯಾಕೆಂದರೆ ಆಂಟೆನಾ ಇದೆ. ಮಾಳಿಗೆ ಮೇಲೆ ಅಣ್ಣ, ಅಂಗಳದಲ್ಲಿ ತಂಗಿ, ಟಿವಿ ಮುಂದೆ ಇವರು. “ಬಂತೇನಲೇ?” “ಇಲ್ಲ!” “ಈಗ?” “ಬಂದಿತ್ತು, ಹೋತು!” ಮೂವರ ದನಿಯನ್ನೂ ಇವರೇ ತೆಗೆಯುತ್ತಾರೆ, ನಡುನಡುವೆ ಪರದೆಯ ಇರುವೆ ಸಾಲಿನ ‘ಸ್ಸ್ಸ್’ ಸದ್ದೂ ಇವರದೇ. ಇಷ್ಟಕ್ಕೇ ಹದಿನೈದು ನಿಮಿಷ. ಆಂಟೆನಾ ಕೂತರೆ ಕರೆಂಟು ಹೋಗುತ್ತದೆ. ಕರೆಂಟು ಬಂದರೆ ಅಷ್ಟರಲ್ಲಿ ಜಾಹೀರಾತು.

ಕರೆಂಟಿಲ್ಲದ ಹೊತ್ತಿಗೆ ವಂಶಾವಳಿ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ದೇಶದ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಬಂತಲ್ಲ, ಆ ಪ್ರಯೋಗದಲ್ಲಿ ರಾಯಚೂರು ಜಿಲ್ಲೆಯೂ ಇತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. “ಬೆಂಗಳೂರಿನವ್ರು ಇನ್ನೂ ರೇಡಿಯೋಕ್ಕ ಕಿವಿ ಕೊಟ್ಟು ಕುಂತಿದ್ರು, ನಮ್ಮಪ್ಪ ಆಗ್ಲೇ ಟಿವಿ ನೋಡಿ ಆಕಳಿಸಿದ್ದ” ಎಂದು ಎದೆಯುಬ್ಬಿಸುವಾಗ, ಆ ಟಿವಿಯಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಒಕ್ಕಲುತನದ ಮಾತು ಎನ್ನುವುದನ್ನು ನುಂಗಿಬಿಡುತ್ತಾರೆ.

ಇನ್ನು ಭಾಷೆ. ಒಂಬತ್ತನೇ ವಯಸ್ಸಿನಲ್ಲಿ ಅವರಿಗೆ ಬರುತ್ತಿದ್ದ ಹಿಂದಿ ಅಂದರೆ ಓಣಿಯ ದಖನಿ. ಹಾಗಾಗಿ ಅವರ ಶೇರ್ ಖಾನ್ ‘ನಕ್ಕೋ’ ಎನ್ನುತ್ತಾನೆ, ಬಘೀರಾ ‘ಹೌ’ ಎನ್ನುತ್ತಾನೆ. ಬಲೂ ಮಾತ್ರ ದೇವದುರ್ಗದ ಕಾಕಾನ ಹಾಗೆ, ಉಂಡ ಮೇಲೆ ಬುದ್ಧಿ ಹೇಳುವವನು. ಅದೇ ಬಲೂ, ಅದೇ ಶೇರ್ ಖಾನ್ ‘ಟೇಲ್‌ಸ್ಪಿನ್’ ಎಂಬ ಇನ್ನೊಂದು ಕಾರ್ಟೂನಿನಲ್ಲಿ ಬಂದಾಗ ಒಬ್ಬ ವಿಮಾನ ಹಾರಿಸುತ್ತಿದ್ದ, ಇನ್ನೊಬ್ಬ ಸೂಟು ಹಾಕಿಕೊಂಡು ಕಂಪನಿ ನಡೆಸುತ್ತಿದ್ದ. ಇದಕ್ಕೆ ಮೋಗ್ಲಿ ಅಣ್ಣನ ವ್ಯಾಖ್ಯಾನ: “ಎಲೆಕ್ಷನ್ ಗೆದ್ದಿರಬೇಕು.”

ನಕ್ಕುಬಿಡಬಹುದು. ಆದರೆ ಮೂಲಕಥೆ ಒಂದು ಗೇಣು, ಉಪಕಥೆ ಒಂದು ಮಾರು ಎನ್ನುವುದು ಈ ಸೀಮೆಗೆ ಹೊಸದೇನಲ್ಲ. ಮಾನ್ವಿ ಜಗನ್ನಾಥದಾಸರ ಊರು, ಹರಿಕಥೆಯ ರುಚಿ ಕಂಡ ಕಿವಿಗಳು ಸುತ್ತಲೂ ಇವೆ. ಬಯಲಾಟದಲ್ಲಿ ಭೀಮ ಗದೆ ಎತ್ತಿ ಹೊಡೆಯುವಷ್ಟರಲ್ಲಿ ಬೆಳಗಾಗಿರುತ್ತದೆ. ಅವಸರ ಇದ್ದವರು ಯಾಕೆ ಬರಬೇಕು?

ಈಚೆಗೆ ಅವರಿಗೆ ಅತಿಥಿಗಳ ಹುಚ್ಚು ಹಿಡಿಯಿತು. ಮೊದಲನೆಯವರು ಓಣಿಯಲ್ಲಿ ಆಗ ಟಿವಿ ಇದ್ದ ಒಂದೇ ಮನೆಯ ಅಮ್ಮ. ಈಗ ಎಂಬತ್ತರ ಆಸುಪಾಸು. ಆ ಟಿವಿಗೆ ಜಾರುವ ಮರದ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ಅಮ್ಮನ ಸೊಂಟದಲ್ಲಿ. ಮೋಗ್ಲಿ ಅಣ್ಣ ಗೋದಾಮು ಬಿಟ್ಟು ಅವರ ಪಡಸಾಲೆಗೇ ಮೈಕ್ ಒಯ್ದರು. ಬೆನ್ನು ಬಾಗಿಸಿ, “ಅಮ್ಮಾ, ಮೋಗ್ಲಿ ನೆನಪದಾನೇನ್ರಿ?” ಎಂದರು.

“ಯಾರವ? ಬಾಡಿಗಿಗಿದ್ನೇನು?”

“ಅಲ್ರಿ, ಟಿವಿಯಾಗ... ಚಡ್ಡಿ ಹಾಕ್ಕೊಂಡ ಹುಡುಗ.”

“ಚಡ್ಡಿ ಹಾಕ್ಕೊಂಡವ್ರು ಇಪ್ಪತ್ತು ಮಂದಿ ಬರ್ತಿದ್ರಿ. ಕೋಲು ಒಗದು ನನ್ನ ಉಪ್ಪಿನಕಾಯಿ ಭರಣಿ ಒಡದಾವ ಯಾರು, ಅದನ್ನ ಹೇಳು ಮೊದ್ಲು.”

ವಿಷಯ ಏನೆಂದರೆ, ಟಿವಿಯ ಮೋಗ್ಲಿಯ ಕೈಯಲ್ಲಿ ಒಂದು ಬೂಮರಾಂಗ್ ಇರುತ್ತಿತ್ತು. ಒಗೆದರೆ ಶತ್ರುವಿಗೆ ಬಡಿದು ವಾಪಸ್ ಕೈಗೇ ಬರುವಂಥದ್ದು. ನಮ್ಮ ಮೋಗ್ಲಿ ಅಣ್ಣ ಕೆರೆ ದಂಡೆಯ ಜಾಲಿ ಗಿಡದಿಂದ ಡೊಂಕಾದ ಟೊಂಗೆಯೊಂದನ್ನು ಕಡಿದು, ಸಿಪ್ಪೆ ಸುಲಿದು, ಎರಡು ದಿನ ಒಣಗಿಸಿ ಒಗೆದಿದ್ದರು. ಹೋದದ್ದು ಸರಿಯಾಗಿಯೇ ಹೋಯಿತು. ವಾಪಸ್ ಬರುವ ವಿದ್ಯೆ ರಾಯಚೂರಿನ ಜಾಲಿಗೆ ಗೊತ್ತಿರಲಿಲ್ಲ. ಅಮ್ಮನ ಮಾಳಿಗೆಯ ಮೇಲೆ ಬಿಸಿಲಿಗಿಟ್ಟಿದ್ದ ವರ್ಷದ ಮಾವಿನಕಾಯಿ ಉಪ್ಪಿನಕಾಯಿ ಗೋಡೆಗುಂಟ ಇಳಿಯಿತು.

ಅಮ್ಮನ ಪ್ರಶ್ನೆಗೆ ಉತ್ತರವಾಗಿ ಸಂಚಿಕೆಯಲ್ಲಿ ಕೇಳುವುದು ಒಂದು ಕೆಮ್ಮು ಮಾತ್ರ.

ಅಮ್ಮ ಬಿಡಲಿಲ್ಲ. ಕನ್ನಡಕ ಏರಿಸಿ ನೆಲ ನೋಡಿದರು, ಆತಿಥೇಯರ ಪಾದ ನೋಡಿದರು. “ಅದಿರ್ಲಿ. ಕಾಲ್ ತೊಳ್ಕೊಂಡು ಬಂದೀಯೇನಲೇ ಒಳಗ?”

ಆಮೇಲೆ ಸುಮಾರು ಎರಡು ನಿಮಿಷ ಹೊರಗಿನ ನಳದ ನೀರಿನ ಸದ್ದು. ಅಕ್ಕನ ಮಗ ಅದನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದಾನೆ.